ಕರಿಕೋಟಿನ ಮೇಷ್ಟ್ರು

ಬೆಳಿಗ್ಗೆ ಎಂಟು ಗಂಟೆ. ಜಿಲ್ಲಾ ಕೇಂದ್ರವೊಂದರ ಕಾನೂನು ಕಾಲೇಜಿನ ಅಂಗಳಕ್ಕೆ ಸ್ಕೂಟರೊಂದು ಬಂದು ನಿಲ್ಲುತ್ತದೆ. ಇಳಿದವರ ತೋಳಿನ ಮೇಲೆ ಮಡಿಸಿದ ಕರಿಕೋಟು. ಒಂದು ಕೈಯಲ್ಲಿ ಸಾಕ್ಷ್ಯ ಕಾನೂನಿನ ಪುಸ್ತಕ, ಇನ್ನೊಂದರಲ್ಲಿ ದಾರ ಕಟ್ಟಿದ ಕೇಸಿನ ಕಡತಗಳು. ತರಗತಿಗೆ ಹೋಗಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಸೀಮೆಸುಣ್ಣ ಕೈಗೆತ್ತಿಕೊಂಡರೆ ಅವರು ಮೇಷ್ಟ್ರು. ಹತ್ತು ಗಂಟೆಯ ಗಂಟೆ ಬಾರಿಸಿದೊಡನೆ ಕೈಯ ಸುಣ್ಣ ಕೊಡವಿ ಅದೇ ಕೋಟು ತೊಟ್ಟರೆ ಅವರು ವಕೀಲರು. ಹನ್ನೊಂದಕ್ಕೆ ಕೋರ್ಟು ಕೂರುವ ಮುನ್ನ ಅಲ್ಲಿರಬೇಕು. ಕಕ್ಷಿದಾರ ಅಷ್ಟರಲ್ಲಾಗಲೇ ಆಲದ ಮರದ ಕೆಳಗೆ ಬಂದು ಕುಳಿತಿರುತ್ತಾನೆ.

ನಮ್ಮ ಊರುಗಳಲ್ಲಿ ಇದು ಹೊಸ ದೃಶ್ಯವಲ್ಲ. ಮಗನನ್ನೋ ಮಗಳನ್ನೋ ಕಾನೂನು ಕಾಲೇಜಿಗೆ ಸೇರಿಸಲು ಬಂದ ತಂದೆ ತಾಯಿಯರು ಮಾತ್ರ ಒಂದು ಕ್ಷಣ ಯೋಚಿಸುತ್ತಾರೆ. ಇವರು ಮೇಷ್ಟ್ರೋ, ವಕೀಲರೋ? ಕೋರ್ಟಿನಲ್ಲಿ ಕೆಲಸ ಜೋರಾದರೆ ಮಕ್ಕಳ ಪಾಠದ ಗತಿಯೇನು? ಕೊಟ್ಟ ಫೀಸಿಗೆ ಪೂರ್ತಿ ಮೇಷ್ಟ್ರು ಸಿಗಬಾರದೇ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಬೇಕಾದರೆ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ಎರಡು ದೋಣಿಯ ಮೇಲೆ ಕಾಲು

ವಕೀಲಿ ವೃತ್ತಿ ಪೂರ್ಣಾವಧಿಯ ಗಮನವನ್ನು ಕೇಳುವ ವೃತ್ತಿ ಎಂಬುದು ನಮ್ಮ ದೇಶದ ನಿಯಮದ ತಿರುಳು. 1961ರ ವಕೀಲರ ಕಾಯಿದೆಯ ಅಡಿಯಲ್ಲಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಿಯಮಗಳ ಪ್ರಕಾರ, ವೃತ್ತಿಯಲ್ಲಿರುವ ವಕೀಲ ಬೇರೊಬ್ಬರ ಬಳಿ ಪೂರ್ಣಾವಧಿ ಸಂಬಳದ ನೌಕರನಾಗಿರುವಂತಿಲ್ಲ. ನೌಕರಿಗೆ ಸೇರಿದರೆ ಸನ್ನದನ್ನು ಬದಿಗಿಟ್ಟು ಸೇರಬೇಕು.

ಈ ನಿಯಮ ಎಷ್ಟು ಬಿಗಿ ಎಂಬುದಕ್ಕೆ 1996ರ ಒಂದು ತೀರ್ಪು ಸಾಕ್ಷಿ. ಮುಂಬೈನ ವೈದ್ಯರೊಬ್ಬರು ಕಾನೂನು ಪದವಿಯನ್ನೂ ಪಡೆದು, ವೈದ್ಯವೃತ್ತಿಯ ಜೊತೆಗೇ ವಕೀಲಿಯನ್ನೂ ಮಾಡುತ್ತೇನೆಂದು ಕೇಳಿದರು. ರಾಜ್ಯದ ವಕೀಲರ ಪರಿಷತ್ತು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿಯೂ ವೈದ್ಯರ ಬೇಡಿಕೆ ನಿಲ್ಲಲಿಲ್ಲ. ರೋಗಿಯೂ ಕಕ್ಷಿದಾರನೂ ಒಂದೇ ಹೊತ್ತಿಗೆ ಕರೆದರೆ ಯಾರ ಬಳಿ ಓಡುವುದು? ಇಬ್ಬರಿಗೂ ಪ್ರಾಣದ, ಬದುಕಿನ ಪ್ರಶ್ನೆಯೇ ಅಲ್ಲವೇ?

ಹೀಗೆ ವೈದ್ಯರಿಗೆ ಮುಚ್ಚಿದ ಬಾಗಿಲು ಮೇಷ್ಟ್ರಿಗೆ ಮಾತ್ರ ಅರ್ಧ ತೆರೆದಿದೆ. ಕೇಂದ್ರ ಸರ್ಕಾರ 1979ರಲ್ಲಿ ಇದಕ್ಕೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ವೃತ್ತಿಯಲ್ಲಿರುವ ವಕೀಲ, ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಕಾನೂನನ್ನು ಬೋಧಿಸಬಹುದು. ಷರತ್ತು ಒಂದೇ: ದಿನಕ್ಕೆ ಮೂರು ಗಂಟೆ ಮೀರಬಾರದು. ಆ ಮಿತಿಯೊಳಗಿದ್ದರೆ ಕಾಲೇಜು ಆ ಹುದ್ದೆಯನ್ನು ಏನೆಂದೇ ಕರೆಯಲಿ, ಹಣವನ್ನು ಗೌರವಧನವೆಂದು ಕೊಡಲಿ, ವೇತನಶ್ರೇಣಿಯಂತೆ ಕೊಡಲಿ, ಅದು ಅರೆಕಾಲಿಕ ಕೆಲಸವೆಂದೇ ಲೆಕ್ಕ.

ಮೂರು ಗಂಟೆಯ ಗಡಿ ದಾಟಿದರೆ ಮಾತು ಬೇರೆ. ಪೂರ್ಣಾವಧಿ ಕಾನೂನು ಅಧ್ಯಾಪಕರು ವಕೀಲಿಯನ್ನೂ ಮಾಡಬಹುದೇ ಎಂಬ ಪ್ರಶ್ನೆ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರ ವಿಷಯದಲ್ಲಿ ಎದ್ದಾಗ, 2002ರಲ್ಲಿ ದೆಹಲಿ ಹೈಕೋರ್ಟು ಕೂಡದು ಎಂದಿತು. ಅಂದರೆ ಪೂರ್ಣ ಮೇಷ್ಟ್ರಾಗಿ ಅರ್ಧ ವಕೀಲನಾಗುವಂತಿಲ್ಲ. ಪೂರ್ಣ ವಕೀಲನಾಗಿದ್ದು ದಿನಕ್ಕೆ ಮೂರು ಗಂಟೆಯ ಮೇಷ್ಟ್ರಾಗಬಹುದು.

ಹಳೆಯ ದಾರಿ

ಈ ಅರ್ಧ ಬಾಗಿಲು ಏಕೆ ಬೇಕಾಯಿತು? ನಮ್ಮ ದೇಶದಲ್ಲಿ ಕಾನೂನು ಶಿಕ್ಷಣ ಬೆಳೆದುಬಂದದ್ದೇ ಆ ಬಾಗಿಲಿನಿಂದ. ಮುಂಬೈನ ಸರ್ಕಾರಿ ಕಾನೂನು ಕಾಲೇಜಿನ ಮೂಲ 1855ಕ್ಕೆ ಹೋಗುತ್ತದೆ. ಅಲ್ಲಿ ಪಾಠ ಹೇಳಿದವರಲ್ಲಿ ಅನೇಕರು ಹೈಕೋರ್ಟಿನಲ್ಲಿ ವಾದಿಸುತ್ತಿದ್ದ ವಕೀಲರು, ಬ್ಯಾರಿಸ್ಟರುಗಳು.

ಅವರಲ್ಲಿ ಒಬ್ಬರು ಡಾ. ಬಿ. ಆರ್. ಅಂಬೇಡ್ಕರ್. 1923ರಲ್ಲಿ ವಿದೇಶದ ಓದು ಮುಗಿಸಿ ಬಂದು ಮುಂಬೈಯಲ್ಲಿ ವಕೀಲಿ ಆರಂಭಿಸಿದರು. ಕೇಸುಗಳು ತಾವಾಗಿಯೇ ಹುಡುಕಿಕೊಂಡು ಬರುವ ಕಾಲ ಅದಾಗಿರಲಿಲ್ಲ. ಅಸ್ಪೃಶ್ಯತೆಯ ಗೋಡೆ ಕೋರ್ಟಿನ ಕಾರಿಡಾರಿನಲ್ಲೂ ಇತ್ತು. ಸಂಸಾರ ಸಾಗಿಸಲು ಅವರು ಬಾಟ್ಲಿಬಾಯ್ ಲೆಕ್ಕಶಾಸ್ತ್ರ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಅರೆಕಾಲಿಕ ಪಾಠ ಹೇಳಿದರು. 1928ರಲ್ಲಿ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1935ರಲ್ಲಿ ಅದೇ ಕಾಲೇಜಿನ ಪ್ರಾಂಶುಪಾಲರಾಗಿ 1938ರವರೆಗೆ ಇದ್ದರು. ಕಾನೂನು ಶಿಕ್ಷಣ ಹೇಗೆ ಸುಧಾರಿಸಬೇಕು ಎಂಬುದರ ಬಗ್ಗೆ ಆ ದಿನಗಳಲ್ಲಿ ಲೇಖನವನ್ನೂ ಬರೆದರು. ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದಾಗ ಒಂದೊಂದು ಅನುಚ್ಛೇದವನ್ನೂ ಸಭೆಗೆ ತಾಳ್ಮೆಯಿಂದ ಬಿಡಿಸಿ ಹೇಳಿದ ರೀತಿಯಲ್ಲಿ ಆ ಮೇಷ್ಟ್ರನ್ನು ಗುರುತಿಸಬಹುದು.

ಅದೇ ಕಾಲೇಜಿನಲ್ಲಿ 1927ರಿಂದ ಕೆಲವು ವರ್ಷ ಪಾಠ ಹೇಳಿದ ಎಂ. ಸಿ. ಛಾಗ್ಲಾ ಮುಂದೆ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾದರು. 1949ರಿಂದ 1952ರವರೆಗೆ ಅರೆಕಾಲಿಕ ಪ್ರಾಧ್ಯಾಪಕರಾಗಿದ್ದ ವೈ. ವಿ. ಚಂದ್ರಚೂಡ್ 1978ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ನಮ್ಮ ಬೆಳಗಾವಿಯಲ್ಲಿ 1939ರಲ್ಲಿ ಆರಂಭವಾದ ರಾಜಾ ಲಖಮಗೌಡ ಕಾನೂನು ಕಾಲೇಜಿನ ಹಿಂದೆಯೂ ಊರಿನ ವಕೀಲರ ಶ್ರಮವಿದೆ. ಕಾನೂನು ಕಾಲೇಜಿಗೂ ಕೋರ್ಟಿಗೂ ನಡುವೆ ಒಂದೇ ಗೇಟು ಎಂಬಂತಿದ್ದ ಕಾಲ ಅದು.

ಆ ವ್ಯವಸ್ಥೆಯಲ್ಲಿ ದೋಷಗಳೂ ಇದ್ದವು. ಬೆಳಿಗ್ಗೆ ಎರಡು ಗಂಟೆ ಅಥವಾ ಸಂಜೆ ಎರಡು ಗಂಟೆಯ ಪಾಠ. ನೌಕರಿಯಲ್ಲಿದ್ದವರು ಹೆಸರಿಗೊಂದು ಪದವಿ ಇರಲಿ ಎಂದು ಸೇರುತ್ತಿದ್ದರು. ಗೈಡು ಓದಿ ಪಾಸಾಗುವುದು ಸಾಮಾನ್ಯವಾಗಿತ್ತು. ಈ ಸ್ಥಿತಿಯನ್ನು ಬದಲಿಸಬೇಕೆಂದು ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಸ್ಥಾಪನೆಯಾಯಿತು. ಎನ್. ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಅಲ್ಲಿ ಐದು ವರ್ಷಗಳ ಮೊದಲ ತಂಡದ ಪಾಠ ಆರಂಭವಾಯಿತು. ಪೂರ್ಣಾವಧಿ ವಿದ್ಯಾರ್ಥಿಗಳು, ಪೂರ್ಣಾವಧಿ ಅಧ್ಯಾಪಕರು ಎಂಬ ಮಾದರಿ ಅಲ್ಲಿಂದ ದೇಶದೆಲ್ಲೆಡೆ ಹರಡಿತು. ಪೂರ್ಣಾವಧಿ ಅಧ್ಯಾಪಕರಿಗೆ ಕಾನೂನಿನ ಸ್ನಾತಕೋತ್ತರ ಪದವಿ ಬೇಕಾಯಿತು, ಸಂಶೋಧನೆ ಬೇಕಾಯಿತು. ಇದರಿಂದ ಪಾಠದ ಗಟ್ಟಿತನ ಹೆಚ್ಚಿತು ಎಂಬುದರಲ್ಲಿ ಸಂದೇಹವಿಲ್ಲ.

ಪುಸ್ತಕದ ಬದನೆಕಾಯಿ

ಆದರೆ ಒಂದು ಕೊರತೆ ಉಳಿಯಿತು. ವೈದ್ಯಕೀಯ ಕಾಲೇಜನ್ನು ನೋಡಿ. ಅಲ್ಲಿ ಶಸ್ತ್ರಚಿಕಿತ್ಸೆ ಕಲಿಸುವ ಪ್ರಾಧ್ಯಾಪಕರೇ ಪಕ್ಕದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ವಿದ್ಯಾರ್ಥಿ ಅವರ ಹಿಂದೆಯೇ ವಾರ್ಡಿಗೆ ಹೋಗುತ್ತಾನೆ. ಕಾನೂನು ಕಾಲೇಜಿನಲ್ಲಿ ಹಾಗಿಲ್ಲ. ಪೂರ್ಣಾವಧಿ ಮೇಷ್ಟ್ರು ವಾದ ಮಾಡುವಂತಿಲ್ಲ. ವಾದ ಮಾಡುವವರು ಪೂರ್ಣಾವಧಿ ಮೇಷ್ಟ್ರಾಗುವಂತಿಲ್ಲ. ಪ್ರಯೋಗಾಲಯಕ್ಕೆ ಬೀಗ ಹಾಕಿ ರಸಾಯನಶಾಸ್ತ್ರ ಕಲಿಸಿದಂತೆ ಇದು. ಆಮ್ಲಕ್ಕೆ ನೀಲಿ ಲಿಟ್ಮಸ್ ಕೆಂಪಾಗುತ್ತದೆ ಎಂದು ನೂರು ಸಲ ಬರೆದವನಿಗೂ, ಒಮ್ಮೆ ಕಾಗದವನ್ನು ನಿಂಬೆರಸಕ್ಕೆ ಅದ್ದಿ ನೋಡಿದವನಿಗೂ ವ್ಯತ್ಯಾಸವಿದೆಯಲ್ಲವೇ?

ಒಂದು ಉದಾಹರಣೆ ನೋಡೋಣ. ಬೇಡಿದಾಗ ಕೊಡಬೇಕಾದ ಸಾಲದ ಪ್ರೋನೋಟಿನ ಮೇಲೆ ದಾವೆ ಹೂಡಲು ಮೂರು ವರ್ಷದ ಕಾಲಮಿತಿ ಎಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ. ಪುಸ್ತಕದಲ್ಲಿ ಇದು ಒಂದು ಸಾಲು. ಪರೀಕ್ಷೆಯಲ್ಲಿ ಎರಡು ಅಂಕ.

ಕರಿಕೋಟಿನ ಮೇಷ್ಟ್ರು ಅದನ್ನೇ ಹೀಗೆ ಕೇಳುತ್ತಾರೆ: ‘‘ಪ್ರೋನೋಟಿನ ತಾರೀಖು 2022ರ ಜೂನ್ 15. ದಾವೆ ಹಾಕಲು ಕೊನೆಯ ದಿನ ಯಾವುದು?’’ ತರಗತಿಯೆಲ್ಲ ಒಟ್ಟಿಗೆ, ‘‘2025ರ ಜೂನ್ 15 ಸರ್’’ ಎನ್ನುತ್ತದೆ. ‘‘ಅಂದು ಭಾನುವಾರ. ಕೋರ್ಟಿಗೆ ಬೀಗ. ಕಕ್ಷಿದಾರ ಸೋಮವಾರ ಬೆಳಿಗ್ಗೆ ನಿಮ್ಮ ಆಫೀಸಿಗೆ ಬರುತ್ತಾನೆ. ಏನು ಹೇಳಿ ಕಳಿಸುತ್ತೀರಿ?’’ ತರಗತಿ ಮೌನ. ಕೊನೆಯ ದಿನ ಕೋರ್ಟು ಮುಚ್ಚಿದ್ದರೆ ಮತ್ತೆ ತೆರೆದ ದಿನ ದಾವೆ ಹಾಕಬಹುದು ಎಂಬ ನಾಲ್ಕನೆಯ ಕಲಮು ಆಗ ಜೀವ ತಳೆಯುತ್ತದೆ. ‘‘ಸಾಲಗಾರ ನಡುವೆ ಐದು ಸಾವಿರ ಕಟ್ಟಿ ಪ್ರೋನೋಟಿನ ಹಿಂದೆ ಬರೆದು ಸಹಿ ಹಾಕಿದ್ದರೆ?’’ ಆಗ ಮೂರು ವರ್ಷದ ಎಣಿಕೆ ಹೊಸದಾಗಿ ಶುರು. ‘‘ಅದೇ ಪ್ರೋನೋಟು 2021ರದ್ದಾಗಿದ್ದರೆ?’’ ಇದು ಹಳೆಯ ಪಠ್ಯಪುಸ್ತಕದಲ್ಲಿ ಇಲ್ಲ. ಕೋವಿಡ್ ಕಾಲದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟು ಎಣಿಕೆಯಿಂದ ಹೊರಗಿಟ್ಟಿತು. ಹೀಗಾಗಿ ಅಂಥ ಪ್ರೋನೋಟಿನ ಮೂರು ವರ್ಷ 2022ರ ಮಾರ್ಚ್ 1ರಿಂದ ಆರಂಭ. ಒಂದು ಸಾಲಿನ ಕಾನೂನು ಹೀಗೆ ಒಬ್ಬ ಮನುಷ್ಯನ ಗಂಟಿನ ಕಥೆಯಾಗುತ್ತದೆ. ದಿನ ತಪ್ಪಿಸಿದ ವಕೀಲನಿಂದ ಕಕ್ಷಿದಾರನ ಹಣ ಶಾಶ್ವತವಾಗಿ ಹೋಗುತ್ತದೆ ಎಂಬುದು ಮನಸ್ಸಿನಲ್ಲಿ ನಾಟುತ್ತದೆ.

ಇನ್ನೊಂದು ಬದಲಾವಣೆಯೂ ಇದೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಮೋಸಗಾರನನ್ನು ಊರೆಲ್ಲ ಕರೆಯುವ ‘ಫೋರ್ ಟ್ವೆಂಟಿ’ ಈಗ 318ನೆಯ ಕಲಮಿನ ನಾಲ್ಕನೆಯ ಉಪಕಲಮು. ಕೊಲೆಯ ಶಿಕ್ಷೆಯ 302 ಈಗ 103. ಆದರೆ ಆ ದಿನಾಂಕಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ಒಂದೇ ದಿನ ಒಂದೇ ಕೋರ್ಟಿನಲ್ಲಿ ಎರಡೂ ಸಂಹಿತೆಗಳನ್ನು ಹಿಡಿದು ನಿಲ್ಲುವ ವಕೀಲರಿಗೆ ಈ ಗೊಂದಲದ ಮೂಲೆಮೂಲೆಯೂ ಗೊತ್ತು.

ಭಾಷೆಯ ವಿಷಯವನ್ನೂ ಮರೆಯುವಂತಿಲ್ಲ. ಹಳ್ಳಿಯಿಂದ ಬಂದ ಹುಡುಗನಿಗೆ ಇಂಗ್ಲಿಷ್ ಪಠ್ಯಪುಸ್ತಕ ಕಬ್ಬಿಣದ ಕಡಲೆ. ಕೋರ್ಟಿನ ಅಂಗಳದ ಮಾತು ಬೇರೆ: ವಕಾಲತ್ತು, ತಡೆಯಾಜ್ಞೆ, ತಕರಾರು, ವಾಯಿದೆ, ಪಾಟೀಸವಾಲು. ಈ ಎರಡು ಭಾಷೆಗಳ ನಡುವೆ ದಿನವೂ ಓಡಾಡುವ ಮೇಷ್ಟ್ರು ಹುಡುಗನ ಕೈಹಿಡಿದು ದಾಟಿಸಬಲ್ಲರು.

ನಾಣ್ಯದ ಇನ್ನೊಂದು ಮುಖ

ಇಷ್ಟೆಲ್ಲ ಹೇಳಿದ ಮೇಲೆ ದೋಷವನ್ನು ಮುಚ್ಚಿಡುವುದು ಸರಿಯಲ್ಲ. ಕೋರ್ಟಿನ ಕೆಲಸ ಗಡಿಯಾರ ನೋಡಿ ಮುಗಿಯುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಮುಗಿಯಬೇಕಾದ ಪಾಟೀಸವಾಲು ಐದೂವರೆಗೆ ಎಳೆಯುತ್ತದೆ. ಸಂಜೆಯ ತರಗತಿಯಲ್ಲಿ ಅರುವತ್ತು ಮಕ್ಕಳು ಕಾದು ಕುಳಿತಿರುತ್ತಾರೆ. ನಲವತ್ತು ನಿಮಿಷ ನೋಡಿ ಒಬ್ಬೊಬ್ಬರೇ ಎದ್ದು ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ. ತಿಂಗಳಲ್ಲಿ ಒಂದು ಸಲವಾದರೆ ಸೈರಿಸಬಹುದು. ವಾರಕ್ಕೆರಡು ಸಲವಾದರೆ ಅದು ಅನ್ಯಾಯ. ವಿದ್ಯಾರ್ಥಿಗೆ ಶೇಕಡಾ 70 ಹಾಜರಿ ಇರಬೇಕೆಂದು 2008ರ ಕಾನೂನು ಶಿಕ್ಷಣ ನಿಯಮಗಳು ಹೇಳಿದವು. ಮೇಷ್ಟ್ರ ಹಾಜರಿಯನ್ನು ಲೆಕ್ಕ ಇಡುವವರು ಯಾರು?

ಎರಡನೆಯದು, ಒಳ್ಳೆಯ ವಕೀಲರೆಲ್ಲ ಒಳ್ಳೆಯ ಮೇಷ್ಟ್ರಲ್ಲ. ಕೆಲವರು ತಾವು ಗೆದ್ದ ಕೇಸುಗಳ ಕಥೆಯಲ್ಲೇ ಇಡೀ ತರಗತಿ ಕಳೆಯುತ್ತಾರೆ. ಮಕ್ಕಳಿಗೆ ಕೇಳಲು ಹಿತ. ಪರೀಕ್ಷೆ ಹತ್ತಿರ ಬಂದಾಗ ನೋಡಿದರೆ ಪಠ್ಯದ ಅರ್ಧ ಉಳಿದಿರುತ್ತದೆ. ಕಥೆ ತತ್ವವನ್ನು ತಿಳಿಸಲು ಬಂದದ್ದೇ ಹೊರತು ತತ್ವದ ಬದಲಿಗೆ ಅಲ್ಲ. ಕಾನೂನಿನ ಇತಿಹಾಸ, ನ್ಯಾಯಶಾಸ್ತ್ರ, ಸಂವಿಧಾನದ ಸಿದ್ಧಾಂತಗಳಿಗೆ ವರ್ಷಗಟ್ಟಲೆ ಕುಳಿತು ಓದಿದ ಪೂರ್ಣಾವಧಿ ಅಧ್ಯಾಪಕರೇ ಬೇಕು.

ಮೂರನೆಯದು ಇನ್ನೂ ಸೂಕ್ಷ್ಮ. ಕಕ್ಷಿದಾರ ವಕೀಲರ ಕಿವಿಯಲ್ಲಿ ಹೇಳಿದ ಮಾತು ಗುಟ್ಟಾಗಿಯೇ ಉಳಿಯಬೇಕೆಂದು ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ವಿಧಿಸುತ್ತದೆ. ಸಣ್ಣ ಊರಿನಲ್ಲಿ ಹೆಸರು ಹೇಳದಿದ್ದರೂ ‘ಆ ಕೆರೆ ಏರಿಯ ಪಕ್ಕದ ಮನೆಯವರು’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ತೆರೆದ ನ್ಯಾಯಾಲಯದಲ್ಲಿ ನಡೆದದ್ದನ್ನು ಹೇಳಬಹುದು. ಆಫೀಸಿನ ಬಾಗಿಲು ಮುಚ್ಚಿ ಕೇಳಿದ್ದನ್ನು ಹೇಳಬಾರದು. ತರಗತಿಯಲ್ಲಿ ಈ ಗೆರೆ ದಾಟದ ವಕೀಲರು ವೃತ್ತಿಧರ್ಮದ ಪಾಠವನ್ನು ಬೇರೆ ಹೇಳಬೇಕಿಲ್ಲ.

ನಡುವಿನ ದಾರಿ

ಹಾಗಾದರೆ ಸರಿಯಾದ ಪ್ರಮಾಣ ಯಾವುದು? ಉಪ್ಪಿಲ್ಲದೆ ಸಾರಿಗೆ ರುಚಿಯಿಲ್ಲ. ಉಪ್ಪೇ ಸಾರಾಗುವುದೂ ಇಲ್ಲ. 2008ರ ನಿಯಮಗಳು ಪೂರ್ಣಾವಧಿ ಅಧ್ಯಾಪಕರನ್ನು ಕಡ್ಡಾಯ ಮಾಡಿ, ಅದರ ಜೊತೆಗೆ ಪ್ರಾಯೋಗಿಕ ಮತ್ತು ಐಚ್ಛಿಕ ವಿಷಯಗಳಿಗೆ ಸುಮಾರು ಶೇಕಡಾ 20ರಷ್ಟು ಬೋಧಕರನ್ನು ವೃತ್ತಿನಿರತ ವಕೀಲರು, ನಿವೃತ್ತ ನ್ಯಾಯಾಧೀಶರಿಂದ ಪಡೆಯಲು ಕಾಲೇಜುಗಳು ಯತ್ನಿಸಬೇಕೆಂದು ಹೇಳಿದವು.

ಆ ಪ್ರಾಯೋಗಿಕ ವಿಷಯಗಳೇನು? ದಾವೆ, ದಸ್ತಾವೇಜುಗಳ ಕರಡು ಬರೆಯುವುದು ಒಂದು. ಅದರಲ್ಲಿ ದಾವೆ, ಅರ್ಜಿಗಳ ಹದಿನೈದು ಕರಡುಗಳಿಗೆ 45 ಅಂಕ. ಕ್ರಯಪತ್ರ, ಗೇಣಿಪತ್ರ ಮೊದಲಾದ ಹದಿನೈದು ದಸ್ತಾವೇಜುಗಳಿಗೆ 45. ಮೌಖಿಕ ಪರೀಕ್ಷೆಗೆ 10. ವೃತ್ತಿಧರ್ಮ ಇನ್ನೊಂದು. ಪರ್ಯಾಯ ವ್ಯಾಜ್ಯ ಪರಿಹಾರ ಮತ್ತೊಂದು. ನಾಲ್ಕನೆಯದು ಅಣಕು ನ್ಯಾಯಾಲಯ. ಅದರ ಭಾಗವಾಗಿ ವಿದ್ಯಾರ್ಥಿ ಕೋರ್ಟಿಗೆ ಹೋಗಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕಣ್ಣಾರೆ ನೋಡಿ ಬರೆದಿಡಬೇಕು. ವಕೀಲರ ಕೈಯಿಂದಲೇ ಕಲಿಯಬೇಕಾದ ವಿಷಯಗಳಿವು. ಆದರೆ ಎಷ್ಟೋ ಕಡೆ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿ ಒಪ್ಪಿಸುವುದೂ ಉಂಟು. ವಿಜ್ಞಾನದ ರೆಕಾರ್ಡಿನ ಹಣೆಬರಹವೂ ಅದೇ ತಾನೇ.

ಕಾಲೇಜು ಸೇರುವ ಮುನ್ನ ತಂದೆ ತಾಯಿಯರು ಕಟ್ಟಡ ನೋಡುವುದರ ಜೊತೆಗೆ ಕೆಲವು ಪ್ರಶ್ನೆ ಕೇಳಬೇಕು. ಪೂರ್ಣಾವಧಿ ಅಧ್ಯಾಪಕರು ಎಷ್ಟು, ಅರೆಕಾಲಿಕರು ಎಷ್ಟು? ಅರೆಕಾಲಿಕರು ಕಲಿಸುವ ವಿಷಯಗಳಾವುವು? ಅವರು ಬಾರದ ದಿನ ಬದಲಿ ವ್ಯವಸ್ಥೆ ಏನು? ತಪ್ಪಿದ ತರಗತಿಯನ್ನು ಮತ್ತೆ ತೆಗೆದುಕೊಳ್ಳುತ್ತಾರೆಯೇ? ಮಕ್ಕಳನ್ನು ಕೋರ್ಟಿಗೆ ಕರೆದೊಯ್ಯುವವರು ಯಾರು? ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಕಾಲೇಜು ಸಣ್ಣದಾದರೂ ಚಿಂತೆಯಿಲ್ಲ. ಪದವಿ ಮುಗಿದ ಮೇಲೂ ವಕೀಲಿ ಮಾಡಬೇಕಾದರೆ ಅಖಿಲ ಭಾರತ ವಕೀಲರ ಪರೀಕ್ಷೆ ಇದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಇರಬೇಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಕೋರ್ಟಿನ ಮೆಟ್ಟಿಲನ್ನು ಬೇಗ ಹತ್ತಿ ನೋಡಿದಷ್ಟೂ ಒಳ್ಳೆಯದು.

ಒಂದು ಪ್ರಶ್ನೆ ಹೆಚ್ಚು

ಮೊದಲು ಕಂಡ ಸ್ಕೂಟರಿನ ಮೇಷ್ಟ್ರ ಬಳಿಗೆ ಮರಳೋಣ. ಒಮ್ಮೆ ಅವರ ವಿದ್ಯಾರ್ಥಿಗಳು ವಿಚಾರಣೆ ನೋಡಲು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಜಮೀನಿನ ಗಡಿಯ ಮೊಕದ್ದಮೆ. ಗಡಿಕಲ್ಲು ಕಿತ್ತವರು ಮೇಷ್ಟ್ರ ಕಕ್ಷಿದಾರರೇ ಎಂದು ಸಾಕ್ಷಿ ಹೇಳಿದ್ದ.

‘‘ಆಗ ಹೊತ್ತು ಮುಳುಗಿತ್ತೇ?’’

‘‘ಮುಳುಗಿತ್ತು ಸ್ವಾಮಿ.’’

‘‘ಹತ್ತಿರ ದೀಪ ಇತ್ತೇ?’’

‘‘ಇರಲಿಲ್ಲ ಸ್ವಾಮಿ.’’

ಹಿಂದಿನ ಬೆಂಚಿನಲ್ಲಿ ಮಕ್ಕಳ ಮುಖ ಅರಳಿತು. ಅಷ್ಟಕ್ಕೇ ಕುಳಿತುಬಿಟ್ಟಿದ್ದರೆ ಆಗಿತ್ತು. ವಕೀಲರು ಇನ್ನೊಂದು ಕೇಳಿದರು: ‘‘ಮತ್ತೆ ಕತ್ತಲಲ್ಲಿ ಇವರೇ ಅಂತ ಹೇಗೆ ಹೇಳ್ತೀಯ?’’

‘‘ಕಲ್ಲು ಕಿತ್ತಾದ ಮೇಲೆ ಬೀಡಿ ಹಚ್ಚೋಕೆ ನನ್ನ ಹತ್ರಾನೇ ಬೆಂಕಿಪೊಟ್ಣ ಕೇಳಿದ್ರು ಸ್ವಾಮಿ. ಕಡ್ಡಿ ಗೀರಿ ಹಿಡಿದವನು ನಾನೇ. ಮುಖ ನೋಡಿದೆ.’’

ಕೋರ್ಟು ನಕ್ಕಿತು. ಮಕ್ಕಳು ತಲೆ ತಗ್ಗಿಸಿದರು.

ಮರುದಿನ ಮೇಷ್ಟ್ರು ತರಗತಿಯಲ್ಲಿ ಆ ಮಾತೆತ್ತಲಿಲ್ಲ. ಕೇಸು ಇನ್ನೂ ನಡೆಯುತ್ತಿತ್ತು. ಮಕ್ಕಳೂ ಕೇಳಲಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ತೀರ್ಪು ಬಂದು, ಮೇಲ್ಮನವಿಯ ಗಡುವೂ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರೇ ಶುರುಮಾಡಿದರು: ‘‘ಅಂದು ನಾನು ತಪ್ಪಿದ್ದು ಎಲ್ಲಿ?’’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ ಹುಡುಗಿ ಎದ್ದು, ‘‘ಆ ಕೊನೇ ಪ್ರಶ್ನೆ ಕೇಳಬಾರದಿತ್ತು ಸರ್’’ ಎಂದಳು.

‘‘ಯಾಕಮ್ಮ?’’

‘‘ಅದರ ಉತ್ತರ ನಿಮಗೆ ಗೊತ್ತಿರಲಿಲ್ಲ.’’

ಮೇಷ್ಟ್ರು ತಿರುಗಿ ಅದನ್ನೇ ಹಲಗೆಯ ಮೇಲೆ ಬರೆದರು. ‘‘ಬರೆದುಕೊಳ್ಳಿ. ಇದನ್ನು ಕಲಿಯೋದಕ್ಕೆ ಒಬ್ಬರ ಅರ್ಧ ಎಕರೆ ಖರ್ಚಾಗಿದೆ’’ ಎಂದರು. ಗಂಟೆ ಬಾರಿಸಿತು. ಕೈ ಕೊಡವಿಕೊಂಡು, ಕೋಟು ತೊಟ್ಟು, ಕಡತಗಳನ್ನು ಬಗಲಿಗೆ ಸೇರಿಸಿ ಸ್ಕೂಟರಿನ ಕಡೆ ನಡೆದರು.